ಕೇಶರಂಜನದಲ್ಲಿ ಗೋರಂಟಿ: ಒಂದು ಐತಿಹಾಸಿಕ ವಿವೇಚನೆ

೧

ನಮ್ಮ ಮನೆಗಳಲ್ಲಿ ಇಂದಿಗೂ ನಡೆದುಬರುತ್ತಿರುವ ಒಂದು ಪದ್ಧತಿಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ತಲೆಯಲ್ಲಿ ನರೆ ಮೂಡಿದ ಬಳಿಕ ಗೋರಂಟಿಯ ಪುಡಿಯನ್ನು ಕಬ್ಬಿಣದ ಬಾಣಲೆಗೆ ಹಾಕಿ, ಚಹದ ಕಷಾಯವನ್ನು ಬೆರಸಿ, ನಿಂಬೆಯ ರಸ, ನೆಲ್ಲಿಚೆಟ್ಟಿನ ಪುಡಿ, ಮೊಸರು ಮುಂತಾದುವನ್ನು ಅವರವರ ರೂಢಿಗೆ ತಕ್ಕಂತೆ ಕೂಡಿಸಿ, ರಾತ್ರಿಯಿಡೀ ನೆನೆಯಿಟ್ಟು, ಮರುದಿನ ತಲೆಗೆ ಹಚ್ಚಿಕೊಳ್ಳುತ್ತಾರೆ. ಎರಡು ಮೂರು ಗಂಟೆಗಳ ಮೇಲೆ ತೊಳೆದರೆ ನರೆಗೂದಲು ಕೆಂಪಾಗಿಯೋ ಕಂದಾಗಿಯೋ ಕಾಣುತ್ತದೆ. ಕೂದಲು ನುಣುಪಾಯಿತು, ದಟ್ಟವಾಯಿತು ಎಂಬ ಮಾತೂ ಕೇಳಿಬರುತ್ತದೆ. ಈ ಪದ್ಧತಿ ಎಷ್ಟು ಹಳೆಯದು ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಇದು ನಮ್ಮ ಪ್ರಾಚೀನರ ಕಾಲದಿಂದ ಬಂದದ್ದು, ಸುಶ್ರುತನಲ್ಲಿಯೇ ಇದೆ."

ಈ ಲೇಖಕನೂ ಕೆಲವು ವರ್ಷಗಳ ಕಾಲ ತರಗತಿಯಲ್ಲಿ ಹಾಗೆಯೇ ಪಾಠ ಹೇಳಿದ್ದುಂಟು. ಆಧಾರವೇನೆಂದು ಒಬ್ಬ ವಿದ್ಯಾರ್ಥಿನಿ ಪ್ರಶ್ನಿಸಿದಾಗ ಗ್ರಂಥಗಳನ್ನು ತೆರೆದು ನೋಡಬೇಕಾಯಿತು. ನೋಡಿದ ಮೇಲೆ ಆ ಮಾತನ್ನು ಅಷ್ಟು ಸುಲಭವಾಗಿ ಹೇಳುವಂತಿಲ್ಲವೆಂದು ಮನವರಿಕೆಯಾಯಿತು. ಗೋರಂಟಿಯಿಂದ ಕೈಕಾಲುಗಳಿಗೆ ಬಣ್ಣ ಹಚ್ಚುವುದು ಒಂದು ವಿಷಯ. ತಲೆಗೂದಲಿಗೆ ಹಚ್ಚುವುದು ಇನ್ನೊಂದು. ಎರಡನ್ನೂ ಒಂದೇ ಎಂದು ಭಾವಿಸಿ, ಮೊದಲನೆಯದಕ್ಕೆ ಸಿಕ್ಕುವ ಸಾಕ್ಷ್ಯವನ್ನು ಎರಡನೆಯದಕ್ಕೂ ಅನ್ವಯಿಸುವುದು ಇತಿಹಾಸದ ವಿದ್ಯಾರ್ಥಿಗಳಿಗೆ ತಕ್ಕುದಲ್ಲ. ಕೂದಲಿಗೆ ಸಂಬಂಧಪಟ್ಟ ಸಾಕ್ಷ್ಯಗಳನ್ನು ಮಾತ್ರ ಬೇರ್ಪಡಿಸಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಆ ಪರಿಶೀಲನೆಗೆ ಸಸ್ಯದ ಗುಣವನ್ನೇ ಒರೆಗಲ್ಲಾಗಿ ಬಳಸಿಕೊಳ್ಳಲಾಗಿದೆ.

೨

ಗೋರಂಟಿಯನ್ನು ಸಸ್ಯಶಾಸ್ತ್ರಜ್ಞರು ಲಾಸೋನಿಯಾ ಇನರ್ಮಿಸ್ ಎಂದು ಕರೆಯುತ್ತಾರೆ. ಲಿನೇಯಸ್ಸನು ೧೭೫೩ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಹೆಸರನ್ನು ಕೊಟ್ಟನು. ಉಷ್ಣವೂ ಶುಷ್ಕವೂ ಆದ ಪ್ರದೇಶಗಳಲ್ಲಿ ಬೆಳೆಯುವ ಈ ಪೊದೆಗಿಡದ ಎಲೆಯಲ್ಲಿರುವ ವರ್ಣದ್ರವ್ಯಕ್ಕೆ ಲಾಸೋನ್ ಎಂದು ಹೆಸರು. ಅದರ ಪ್ರಮಾಣ ಎಲೆಯ ತೂಕದಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಎಲೆಯಲ್ಲಿ ಅದು ಸಿದ್ಧರೂಪದಲ್ಲಿರುವುದಿಲ್ಲ. ಸಕ್ಕರೆಯೊಡನೆ ಬೆಸೆದುಕೊಂಡ ಬೇರೊಂದು ರೂಪದಲ್ಲಿರುತ್ತದೆ. ಪುಡಿಯನ್ನು ಸ್ವಲ್ಪ ಹುಳಿಯಾದ ನೀರಿನಲ್ಲಿ ನೆನೆಯಿಟ್ಟಾಗ ಆ ಬೆಸುಗೆ ಬಿಟ್ಟು, ಗಾಳಿಯ ಸಂಪರ್ಕದಿಂದ ಬಣ್ಣ ಹೊರಬೀಳುತ್ತದೆ. ನಿಂಬೆಯ ರಸ ಸೇರಿಸಿ ಗಂಟೆಗಟ್ಟಲೆ ಕಾಯುವ ರೂಢಿಗೆ ಕಾರಣ ಇದೇ. ಹೀಗೆ ಬಿಡುಗಡೆಯಾದ ಲಾಸೋನ್ ಕೂದಲಿನ ಕೆರಾಟಿನ್ ಎಂಬ ಸಸಾರಜನಕ ದ್ರವ್ಯದೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುವುದರಿಂದ ಬಣ್ಣ ತೊಳೆದರೂ ಹೋಗುವುದಿಲ್ಲ. ಕೂದಲಿನ ಎಳೆಗೆ ಒಂದು ಬಗೆಯ ಹೊದಿಕೆ ಬಂದಂತಾಗಿ ಅದು ತುಸು ದಪ್ಪನಾಗಿ ತೋರುತ್ತದೆ. ಆದರೆ ಗೋರಂಟಿಯೊಂದನ್ನೇ ಹಚ್ಚಿದರೆ ಕೂದಲು ಒಣಗಿದಂತೆಯೂ ಆಗುವುದುಂಟು. ಮೊಸರನ್ನೋ ಎಣ್ಣೆಯನ್ನೋ ಕೂಡಿಸುವ ರೂಢಿ ಈ ದೋಷದ ಪರಿಹಾರಕ್ಕಾಗಿ ಬಂದುದು.

ನಮ್ಮ ವಿಚಾರಕ್ಕೆ ಮುಖ್ಯವಾದ ಸಂಗತಿಗಳು ಎರಡು. ಮೊದಲನೆಯದು: ಲಾಸೋನ್ ಕೊಡುವ ಬಣ್ಣ ಕಿತ್ತಳೆಗೆಂಪು ಮಾತ್ರ. ಬೇರೊಂದು ದ್ರವ್ಯದ ನೆರವಿಲ್ಲದೆ ಗೋರಂಟಿಯಿಂದ ಕಪ್ಪು ಬರುವುದು ಸಾಧ್ಯವೇ ಇಲ್ಲ. ಎರಡನೆಯದು: ಗೋರಂಟಿ ಕೂದಲಿನ ಸಹಜವರ್ಣವನ್ನು ಅಳಿಸುವುದಿಲ್ಲ, ಅದರ ಮೇಲೆ ತನ್ನ ಬಣ್ಣವನ್ನು ಹೊದಿಸುತ್ತದೆ. ಆದುದರಿಂದ ಕಪ್ಪು ಕೂದಲಿನ ಮೇಲೆ ಅದು ಬಿಸಿಲಿನಲ್ಲಿ ಕಾಣುವ ಒಂದು ಕೆಂಪು ಛಾಯೆಯಷ್ಟೆ. ನರೆಯ ಮೇಲೆ ಮಾತ್ರ ಅದು ಎದ್ದು ಕಾಣುತ್ತದೆ. ಕಪ್ಪು ಕೂದಲಿನ ಜನರಲ್ಲಿ ಗೋರಂಟಿಯಿಂದ ಕೇಶರಂಜನ ಮಾಡುವುದು ಮುಖ್ಯವಾಗಿ ವಯಸ್ಸಾದವರ ಪದ್ಧತಿಯಾಗಿರುವುದು ಸಹಜವೇ ಆಗಿದೆ.

ಈ ಎರಡು ಸಂಗತಿಗಳಿಂದ ಒಂದು ಸೂತ್ರ ಹೊರಡುತ್ತದೆ: ಪ್ರಾಚೀನ ಗ್ರಂಥವೊಂದು ನರೆಯನ್ನು ಕಪ್ಪಾಗಿಸುವ ಯೋಗವನ್ನು ಹೇಳಿದರೆ, ಅಲ್ಲಿ ಗೋರಂಟಿಯೇ ಪ್ರಧಾನ ದ್ರವ್ಯವೆಂದು ಊಹಿಸುವುದು ಸಲ್ಲದು.

೩

ಗೋರಂಟಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಈಜಿಪ್ಟಿನಿಂದ ಆರಂಭಿಸುತ್ತಾರೆ. ಅಲ್ಲಿಯೂ ಮೇಲಿನ ಸೂತ್ರ ಉಪಯೋಗಕ್ಕೆ ಬರುತ್ತದೆ. ಸುಮಾರು ಕ್ರಿ.ಪೂ. ೧೫೫೦ರ ಕಾಲದ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ ನರೆಗೆ ಪರಿಹಾರಗಳುಂಟು. ಕಪ್ಪು ಕರುವಿನ ರಕ್ತವನ್ನು ಎಣ್ಣೆಯಲ್ಲಿ ಕಾಯಿಸಿ ಹಚ್ಚಬೇಕೆಂಬುದು ಅವುಗಳಲ್ಲೊಂದು. ಕಪ್ಪು ಪ್ರಾಣಿಯ ಕಪ್ಪು ಕೂದಲಿಗೆ ಬರಲಿ ಎಂಬುದು ಅದರ ಹಿಂದಿನ ಭಾವನೆ. ಅವರು ಬಯಸಿದ್ದು ಕಪ್ಪನ್ನು. ಇನ್ನೊಂದು ಕಡೆ, ಎರಡನೆಯ ರಾಮ್ಸೆಸ್ ದೊರೆಯ ಸಂರಕ್ಷಿತ ಶವದ ಕೂದಲು ಕೆಂಪಾಗಿರುವುದನ್ನು ಕಂಡು ಅದು ಗೋರಂಟಿಯ ಫಲವೆಂದು ಹೇಳುವವರುಂಟು. ಆದರೆ ೧೯೭೬ರಲ್ಲಿ ಆ ಶವವನ್ನು ಪ್ಯಾರಿಸ್ಸಿಗೆ ಒಯ್ದು ಪರೀಕ್ಷಿಸಿದ ವಿಜ್ಞಾನಿಗಳು ದೊರೆಯ ಕೂದಲು ಹುಟ್ಟಿನಿಂದಲೇ ಕೆಂಪಾಗಿದ್ದಿತೆಂದು ಅಭಿಪ್ರಾಯಪಟ್ಟರು. ಕಪ್ಪನ್ನು ಕಂಡಲ್ಲಿ ಗೋರಂಟಿಯನ್ನು ಊಹಿಸುವಂತಿಲ್ಲವಷ್ಟೆ. ಕೆಂಪನ್ನು ಕಂಡ ಮಾತ್ರಕ್ಕೂ ಅದನ್ನು ಊಹಿಸಬಾರದೆಂಬುದಕ್ಕೆ ಇದು ನಿದರ್ಶನ.

ಕೂದಲಿಗೆ ಗೋರಂಟಿಯನ್ನು ಹಚ್ಚುವ ಬಗ್ಗೆ ಸಂದೇಹಕ್ಕೆಡೆಯಿಲ್ಲದ ಲಿಖಿತ ಸಾಕ್ಷ್ಯ ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನಲ್ಲಿ ದೊರೆಯುತ್ತದೆ. ಗ್ರೀಕರು ಕೈಪ್ರೋಸ್ ಎಂದು ಕರೆಯುತ್ತಿದ್ದ ಈ ಗಿಡದ ಎಲೆಯನ್ನು ನೊರೆಬೇರಿನ ರಸದಲ್ಲಿ ನೆನೆಯಿಟ್ಟು ಹಚ್ಚಿದರೆ ಕೂದಲು ಹೊಂಬಣ್ಣಕ್ಕೆ ತಿರುಗುವುದೆಂದು ಅವನು ಹೇಳಿದ್ದಾನೆ. ಅದೇ ಶತಮಾನದ ಪ್ಲಿನಿಯು ಈ ಗಿಡದಿಂದ ತೆಗೆಯುವ ಸುಗಂಧತೈಲವನ್ನು ವರ್ಣಿಸಿ, ಈಜಿಪ್ಟಿನ ಕನೋಪಸ್ಸಿನದು ಉತ್ತಮ, ಜುದೇಯದ ಆಸ್ಕಲಾನಿನದು ಎರಡನೆಯದು, ಸೈಪ್ರಸ್ ದ್ವೀಪದ್ದು ಮೂರನೆಯದು ಎಂದು ತರತಮವನ್ನು ಕೊಟ್ಟಿದ್ದಾನೆ. ಡಯಾಸ್ಕೊರಿಡೀಸನು ಕಪ್ಪಿನ ಮಾತನ್ನೆತ್ತದೆ ಹೊಂಬಣ್ಣವನ್ನು ಹೇಳಿರುವುದನ್ನು ಗಮನಿಸಬೇಕು. ಸಸ್ಯದ ಗುಣಕ್ಕೂ ಗ್ರಂಥದ ಮಾತಿಗೂ ಇಲ್ಲಿ ಪೂರ್ಣ ಹೊಂದಿಕೆಯಿದೆ.

೪

ನರೆಗೆ ಗೋರಂಟಿ ಹಚ್ಚುವ ಪದ್ಧತಿಗೆ ಸಾಮಾಜಿಕ ಗೌರವವೂ ವಿಶಾಲವಾದ ಪ್ರಸಾರವೂ ದೊರೆತದ್ದು ಅರಬ್ಬರಲ್ಲಿ. ೬೩೦ರಲ್ಲಿ ಮೆಕ್ಕಾ ನಗರ ವಶವಾದ ಸಂದರ್ಭದಲ್ಲಿ ಅಬೂಬಕರರ ವೃದ್ಧ ತಂದೆಯನ್ನು ಪ್ರವಾದಿಗಳ ಬಳಿಗೆ ಕರೆತರಲಾಯಿತೆಂದೂ, ಅವರ ತಲೆಗಡ್ಡಗಳು ಪೂರ್ಣ ಬೆಳ್ಳಗಾಗಿದ್ದುದನ್ನು ಕಂಡು ಆ ಬಿಳುಪನ್ನು ಬದಲಿಸುವಂತೆಯೂ ಕಪ್ಪನ್ನು ಮಾತ್ರ ಬಿಡುವಂತೆಯೂ ಪ್ರವಾದಿಗಳು ಸೂಚಿಸಿದರೆಂದೂ ಹದೀಸ್ ಸಂಗ್ರಹಗಳಲ್ಲಿ ಉಕ್ತವಾಗಿದೆ. ನರೆಯನ್ನು ಬದಲಿಸಲು ಗೋರಂಟಿಯೂ ಕತಮ್ ಎಂಬ ಇನ್ನೊಂದು ಸಸ್ಯವೂ ಉತ್ತಮವೆಂಬ ವಚನವೂ ಅವುಗಳಲ್ಲಿದೆ. ೮೪೫ರಲ್ಲಿ ತೀರಿಕೊಂಡ ಇಬ್ನ್ ಸಾದನ ಚರಿತ್ರಕೋಶದಲ್ಲಿ ಯಾರು ಗಡ್ಡಕ್ಕೆ ಬಣ್ಣ ಹಚ್ಚುತ್ತಿದ್ದರು, ಯಾರು ಹಚ್ಚುತ್ತಿರಲಿಲ್ಲ ಎಂಬುದನ್ನು ವ್ಯಕ್ತಿವ್ಯಕ್ತಿಗೂ ಗುರುತಿಸುವ ಎಚ್ಚರ ಕಾಣುತ್ತದೆ. ಇಲ್ಲಿ ಕೆಂಪು ಬಣ್ಣ ಯೌವನದ ನಟನೆಯಾಗಿರಲಿಲ್ಲ. ವಯಸ್ಸನ್ನು ಮರೆಮಾಡದೆ ಅದಕ್ಕೆ ಒಪ್ಪವನ್ನು ಕೊಡುವ ಆಚಾರವಾಗಿದ್ದಿತು. ಅದೂ ಪ್ರಧಾನವಾಗಿ ಪುರುಷರ ಆಚಾರ. ಕಪ್ಪನ್ನು ಬಿಡಬೇಕೆಂಬ ಸೂಚನೆಯ ಅರ್ಥವೂ ಇದರಿಂದ ವಿಶದವಾಗುತ್ತದೆ.

ಇರಾನಿನಲ್ಲಿ ಈ ಪದ್ಧತಿ ಇನ್ನೊಂದು ತಿರುವನ್ನು ಪಡೆಯಿತು. ಅಲ್ಲಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಮೊದಲು ಗೋರಂಟಿಯನ್ನು ಹಚ್ಚಿ ತೊಳೆದು, ಅದರ ಮೇಲೆ ನೀಲಿಗಿಡದ ಎಲೆಯ ಪುಡಿಯನ್ನು ಹಚ್ಚುವ ಎರಡು ಹಂತದ ಕ್ರಮ ರೂಢಿಯಲ್ಲಿದ್ದಿತು. ಕೆಂಪಿನ ಮೇಲೆ ನೀಲಿ ಕೂತು ಕಪ್ಪು ಉಂಟಾಗುತ್ತದೆ. ೧೮೫೧ರಲ್ಲಿ ತೆಹರಾನಿಗೆ ವೈದ್ಯಶಿಕ್ಷಕನಾಗಿ ಬಂದು ೧೮೬೦ರವರೆಗೆ ಅಲ್ಲಿದ್ದ ಆಸ್ಟ್ರಿಯದ ವೈದ್ಯ ಪೋಲಾಕನು ಇದನ್ನು ತನ್ನ ೧೮೬೫ರ ಗ್ರಂಥದಲ್ಲಿ ವರ್ಣಿಸಿದ್ದಾನೆ. ಗೋರಂಟಿಯೊಡನೆ ಕಪ್ಪು ಬಂದಾಗಲೆಲ್ಲ ಅದರ ಜತೆಗೆ ಎರಡನೆಯ ದ್ರವ್ಯವೊಂದಿರಲೇಬೇಕು ಎಂಬ ನಮ್ಮ ಸೂತ್ರಕ್ಕೆ ಇದು ಮತ್ತೊಂದು ಸಮರ್ಥನೆ.

೫

ಇನ್ನು ಭಾರತದ ವಿಚಾರ. ಗೋರಂಟಿಯ ಭಾರತೀಯ ಇತಿಹಾಸದ ಬಗ್ಗೆ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪಿ. ಕೆ. ಗೋಡೆ ಅವರು ೧೯೪೭ರಲ್ಲಿ ಪ್ರಕಟಿಸಿದ ದೀರ್ಘಲೇಖನ ಈ ಕ್ಷೇತ್ರದಲ್ಲಿ ಮಾರ್ಗದರ್ಶಕವಾದುದು. ಅಲ್ಲಿಂದೀಚೆಗೆ ಈ ವಿಷಯದಲ್ಲಿ ಬರೆದವರೆಲ್ಲರೂ ಅವರಿಗೆ ಋಣಿಗಳು.

ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಬರುವ ಮದಯಂತಿಕಾ ಎಂಬ ಹೆಸರನ್ನು ಗೋರಂಟಿಯೆಂದು ಅರ್ಥಮಾಡುವವರಿದ್ದಾರೆ. ಅದೇ ಹೆಸರು ಮಲ್ಲಿಗೆಯ ಒಂದು ಜಾತಿಗೂ ಸಲ್ಲುತ್ತದೆ. ಸುಶ್ರುತನ ಹೆಸರಿನಲ್ಲಿ ಪ್ರಚಲಿತವಾಗಿರುವ ವಾದವೆಲ್ಲ ಈ ಒಂದು ಪದದ ಮೇಲೆ ನಿಂತಿದೆ. ಹೆಸರಿನ ಸಾಮ್ಯದಿಂದ ಸಸ್ಯವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ನಮ್ಮ ಕನ್ನಡದ ಗೋರಂಟಿ ಎಂಬ ಶಬ್ದವೇ ಸಾಕ್ಷಿ. ಅಮರಕೋಶದಲ್ಲಿ ಹಳದಿ ಹೂವಿನ ಗಿಡವೊಂದಕ್ಕೆ ಕುರಂಟಕವೆಂದು ಹೆಸರಿದೆ. ಅದು ಬಾರ್ಲೀರಿಯ ವರ್ಗದ ಗಿಡ. ಗೋರಂಟಿಯೊಡನೆ ಅದಕ್ಕೆ ಯಾವ ಸಂಬಂಧವೂ ಇಲ್ಲ. ಆದರೆ ಕನ್ನಡದಲ್ಲಿ ಮುಳ್ಳುಗೋರಂಟಿ, ತೆಲುಗಿನಲ್ಲಿ ಮುಳ್ಳಗೋರಿಂಟ ಎಂದರೆ ಈ ಬಾರ್ಲೀರಿಯವೇ. ಹೀಗೆ ಒಂದೇ ಹೆಸರು ಎರಡು ಗಿಡಗಳಿಗೆ ಹಂಚಿಹೋಗಿದೆ. ತೆಲುಗಿನಲ್ಲಿ ಗೋರು ಎಂದರೆ ಉಗುರು. ಆದುದರಿಂದ ಉಗುರಿಗೆ ಹಚ್ಚುವುದೇ ಗೋರಿಂಟ ಎಂದು ಜನ ಅರ್ಥ ಹೇಳುವುದುಂಟು. ಈ ನಿಷ್ಪತ್ತಿ ಸರಿಯಿರಲಿ ಇಲ್ಲದಿರಲಿ, ಜನರ ಮನಸ್ಸಿನಲ್ಲಿ ಈ ಗಿಡ ಉಗುರಿಗೆ ಸಂಬಂಧಪಟ್ಟದ್ದಾಗಿತ್ತೇ ಹೊರತು ತಲೆಗೂದಲಿಗಲ್ಲ ಎಂಬುದನ್ನು ಅದು ತೋರಿಸುತ್ತದೆ.

ಹಾಗಾದರೆ ನಮ್ಮ ಪ್ರಾಚೀನರು ನರೆಗೆ ಏನನ್ನು ಹಚ್ಚುತ್ತಿದ್ದರು? ಇದಕ್ಕೆ ಸ್ಪಷ್ಟವಾದ ಉತ್ತರ ಆರನೆಯ ಶತಮಾನದ ವರಾಹಮಿಹಿರನಲ್ಲಿದೆ. ಅವನ ಬೃಹತ್ಸಂಹಿತೆಯ ಗಂಧಯುಕ್ತಿ ಎಂಬ ಅಧ್ಯಾಯ ಆರಂಭವಾಗುವುದೇ ಕೇಶರಂಜನದಿಂದ. ನರೆತ ತಲೆಯವನಿಗೆ ಮಾಲೆ, ಗಂಧ, ವಸ್ತ್ರ, ಭೂಷಣಗಳು ಒಪ್ಪುವುದಿಲ್ಲವಾದುದರಿಂದ ಮೊದಲು ಕೂದಲಿನ ಬಣ್ಣಕ್ಕೆ ಗಮನಕೊಡಬೇಕೆಂದು ಹೇಳಿ, ಅವನು ಯೋಗವನ್ನು ವಿವರಿಸುತ್ತಾನೆ. ಕೋದ್ರವ, ಎಂದರೆ ನಮ್ಮ ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಕಬ್ಬಿಣದ ಪುಡಿಯೊಡನೆ ಹುಳಿರಸದಲ್ಲಿ ಬೇಯಿಸಿ, ನುಣ್ಣಗೆ ಅರೆದು, ಹುಳಿರಸದಿಂದ ತೋಯ್ದ ತಲೆಗೆ ಹಚ್ಚಿ, ಹಸಿ ಎಲೆಗಳಿಂದ ಸುತ್ತಬೇಕು. ಎರಡು ಪ್ರಹರಗಳ, ಎಂದರೆ ಆರು ಗಂಟೆಗಳ ಮೇಲೆ ಅದನ್ನು ತೆಗೆದು, ನೆಲ್ಲಿಯ ಲೇಪವನ್ನು ಹಚ್ಚಿ, ಮತ್ತೆ ಎಲೆಗಳಿಂದ ಮುಚ್ಚಿ ಇನ್ನೆರಡು ಪ್ರಹರ ಕಳೆದು ತೊಳೆದರೆ ತಲೆ ಕಪ್ಪಾಗುತ್ತದೆ. ಆಮೇಲೆ ಕಬ್ಬಿಣ ಮತ್ತು ಹುಳಿಯ ನಾತವನ್ನು ಸುಗಂಧ ಸ್ನಾನದಿಂದಲೂ ತೈಲದಿಂದಲೂ ಹೋಗಲಾಡಿಸಿಕೊಳ್ಳಬೇಕೆಂಬ ವ್ಯವಹಾರಜ್ಞಾನದ ಮಾತನ್ನೂ ಅವನು ಸೇರಿಸಿದ್ದಾನೆ.

ಈ ಯೋಗದಲ್ಲಿ ಗೋರಂಟಿಯಿಲ್ಲ. ಇದರ ತತ್ತ್ವವೂ ಬೇರೆಯೇ: ಕಬ್ಬಿಣವು ಹುಳಿಯಲ್ಲಿ ಕರಗಿ, ನೆಲ್ಲಿಯಲ್ಲಿರುವ ಒಗರಿನ ಅಂಶದೊಡನೆ ಕೂಡಿ ಕಪ್ಪು ವರ್ಣದ್ರವ್ಯವಾಗುತ್ತದೆ. ಹಿಂದಿನ ಕಾಲದ ಕಪ್ಪು ಶಾಯಿಯನ್ನು ತಯಾರಿಸುತ್ತಿದ್ದುದೂ ಇದೇ ತತ್ತ್ವದಿಂದ. ಆಯುರ್ವೇದದ ಕೇಶತೈಲಗಳಲ್ಲಿ ಮತ್ತೆ ಮತ್ತೆ ಬರುವ ನೀಲಿ, ಭೃಂಗರಾಜ, ತ್ರಿಫಲೆ, ಲೋಹಚೂರ್ಣ ಇವುಗಳ ಗುರಿಯೂ ಕಪ್ಪೇ. ಅರಬ್ಬರ ಆದರ್ಶ ಕೆಂಪು, ಭಾರತೀಯರ ಆದರ್ಶ ಕಪ್ಪು. ಒಂದು ವಯಸ್ಸನ್ನು ಒಪ್ಪಿಕೊಂಡದ್ದು, ಇನ್ನೊಂದು ವಯಸ್ಸನ್ನು ಮರೆಸುವುದು. ಮೂಲದಲ್ಲಿ ಇವು ಎರಡು ಬೇರೆ ಬೇರೆ ಸಂಪ್ರದಾಯಗಳೆಂಬುದರಲ್ಲಿ ಸಂದೇಹವಿಲ್ಲ.

೬

ಲೇಖನದ ಆರಂಭದಲ್ಲಿ ಹೇಳಿದ ಕಬ್ಬಿಣದ ಬಾಣಲೆಯ ಕಡೆಗೆ ಈಗ ಹಿಂದಿರುಗಬಹುದು. ಗೋರಂಟಿಯ ಬಣ್ಣ ಬಿಡಲು ಕಬ್ಬಿಣ ಬೇಕಾಗಿಲ್ಲ. ಮಣ್ಣಿನ ಪಾತ್ರೆಯಲ್ಲಿಯೂ ಅದು ಬಿಡುತ್ತದೆ. ಆದರೂ ನಮ್ಮ ಗೃಹಿಣಿಯರು ಕಬ್ಬಿಣದ ಪಾತ್ರೆಯೇ ಆಗಬೇಕೆಂದು ಹಟಹಿಡಿಯುವುದೇಕೆ? ನೆಲ್ಲಿಚೆಟ್ಟನ್ನು ಸೇರಿಸುವುದೇಕೆ? ಕೆಂಪನ್ನು ತಗ್ಗಿಸಿ ಕಪ್ಪಿನ ಕಡೆಗೆ ಒಯ್ಯುವುದಕ್ಕಾಗಿ. ಕಬ್ಬಿಣ, ಹುಳಿ, ನೆಲ್ಲಿ ಈ ಮೂರೂ ವರಾಹಮಿಹಿರನ ಯೋಗದ ಅಂಗಗಳು. ಅದಕ್ಕೆ ಪಶ್ಚಿಮ ಏಷ್ಯದ ನರೆಗೆಂಪಿನ ಗೋರಂಟಿ ಬಂದು ಸೇರಿದೆ. ಎರಡು ಸಂಪ್ರದಾಯಗಳ ಸಂಗಮವೇ ಈ ಬಾಣಲೆಯಲ್ಲಿ ನಡೆದಿದೆಯೆಂದು ನನ್ನ ಅನುಮಾನ.

ಈ ಸಂಗಮಕ್ಕೆ ಅನುಕೂಲವಾದ ಸನ್ನಿವೇಶವೂ ಇದ್ದಿತು. ೧೩೪೭ರಲ್ಲಿ ಬಹಮನೀ ರಾಜ್ಯ ಸ್ಥಾಪಿತವಾದ ಮೇಲೆ ಇರಾನಿನಿಂದ ಅಧಿಕಾರಿಗಳು, ವಿದ್ವಾಂಸರು, ವರ್ತಕರು ದಖನ್ನಿಗೆ ಎಡೆಬಿಡದೆ ಬರುತ್ತಿದ್ದರು. ೧೪೭೨ರಲ್ಲಿ ಬೀದರದಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನು ಇರಾನಿನ ಗೀಲಾನ್ ಪ್ರಾಂತದವನು. ೧೬೮೬ರವರೆಗೆ ಬಾಳಿದ ಬಿಜಾಪುರದ ಆದಿಲಶಾಹಿಯಲ್ಲಿಯೂ ಈ ಸಂಪರ್ಕ ಮುಂದುವರಿಯಿತು. ಜನರೊಡನೆ ಅವರ ಸ್ನಾನದ, ಅಲಂಕಾರದ ರೂಢಿಗಳೂ ಬರುವುದು ಸ್ವಾಭಾವಿಕ. ಉತ್ತರದಲ್ಲಿ ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ರಚಿಸಿದ ಐನ್-ಎ-ಅಕ್ಬರಿಯು ನಗದಾಗಿ ಕಂದಾಯ ಕೊಡಬೇಕಾದ ಬೆಳೆಗಳ ಸಾಲಿನಲ್ಲಿ ನೀಲಿ, ಅರಿಸಿನಗಳೊಡನೆ ಹಿನ್ನಾವನ್ನೂ ಎಣಿಸುತ್ತದೆ. ಆ ವೇಳೆಗೆ ಅದು ಹಿತ್ತಿಲ ಗಿಡದ ಮಟ್ಟವನ್ನು ದಾಟಿ ವ್ಯಾಪಾರದ ಬೆಳೆಯಾಗಿತ್ತೆಂದಾಯಿತು.

ಇಷ್ಟಾದರೂ ಮನೆಯ ಯೋಗವನ್ನು ಇಡಿಯಾಗಿ ಪ್ರಾಚೀನವೆಂದಾಗಲಿ ಮಧ್ಯಯುಗದ್ದೆಂದಾಗಲಿ ಹೇಳಲಾಗದು. ಅದರಲ್ಲಿರುವ ಚಹದ ಕಷಾಯವನ್ನೇ ನೋಡಿ. ಭಾರತದ ಸಾಮಾನ್ಯ ಮನೆಗಳಲ್ಲಿ ಚಹ ಕುಡಿಯುವ ಅಭ್ಯಾಸ ಹರಡಿದ್ದು ೧೯೦೩ರಲ್ಲಿ ಚಹದ ಮೇಲೆ ಸೆಸ್ ವಿಧಿಸಿ, ಆ ಹಣದಿಂದ ಪ್ರಚಾರ ಕೈಗೊಂಡ ಮೇಲೆ. ಅದೂ ಇಪ್ಪತ್ತನೆಯ ಶತಮಾನದಲ್ಲಿ ನಿಧಾನವಾಗಿ. ಆದುದರಿಂದ ಚಹದ ಕಷಾಯ ಬೆರಸುವ ರೂಢಿ ನಮ್ಮ ಮುತ್ತಜ್ಜಿಯರ ಕಾಲಕ್ಕಿಂತ ಹಿಂದಕ್ಕೆ ಹೋಗಲಾರದು. ಆದರೆ ಚಹದಲ್ಲಿಯೂ ಒಗರಿನ ಅಂಶವಿದೆ. ಕಬ್ಬಿಣದೊಡನೆ ಅದು ನೆಲ್ಲಿಯಂತೆಯೇ ಕಪ್ಪಾಗುತ್ತದೆ. ಹೊಸ ಪದಾರ್ಥ ಹಳೆಯ ತತ್ತ್ವದ ಜಾಗದಲ್ಲಿ ಬಂದು ಕೂತಿದೆ. ಉತ್ಖನನದಲ್ಲಿ ಮಣ್ಣಿನ ಸ್ತರಗಳು ಒಂದರ ಮೇಲೊಂದು ಕಾಣುವಂತೆ ಈ ಒಂದು ಲೇಪದಲ್ಲಿ ಮೂರು ಕಾಲಗಳು ಕಾಣುತ್ತವೆ.

೭

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ರಸಾಯನಶಾಸ್ತ್ರ ಇಡೀ ವಿಷಯದ ದಿಕ್ಕನ್ನೇ ಬದಲಿಸಿತು. ೧೮೬೩ರಲ್ಲಿ ಹಾಫ್‌ಮನ್ನನು ವಿವರಿಸಿದ ಪ್ಯಾರಾಫೆನಿಲೀನ್ ಡಯಮೀನ್ ಎಂಬ ದ್ರವ್ಯವನ್ನು ಕೇಶರಂಜನಕ್ಕೆ ಬಳಸಲು ೧೮೮೩ರಲ್ಲಿ ಹಕ್ಕುಪತ್ರ ಪಡೆಯಲಾಯಿತು. ೧೯೦೭ರಲ್ಲಿ ಪ್ಯಾರಿಸ್ಸಿನ ಯೂಜೀನ್ ಶ್ಯೂಲರನು ಕೃತಕ ಕೇಶವರ್ಣವನ್ನು ಮಾರಾಟಕ್ಕೆ ತಂದನು. ಗಂಟೆಗಟ್ಟಲೆ ಕಾಯದೆ ಕಪ್ಪನ್ನು ಪಡೆಯುವ ದಾರಿ ಹೀಗೆ ತೆರೆಯಿತು. ಗೋರಂಟಿಯ ಸ್ವರೂಪ ರಸಾಯನಜ್ಞರಿಗೆ ಖಚಿತವಾದದ್ದು ಇದರ ಅನಂತರ. ಭಾರತದಲ್ಲಿ ಲಾಲ್ ಮತ್ತು ದತ್ತ ಅವರು ೧೯೩೩ರಲ್ಲಿ ಅದರ ವರ್ಣದ್ರವ್ಯದ ರಚನೆಯ ಬಗ್ಗೆ ಸಂಶೋಧನ ಲೇಖನವನ್ನು ಪ್ರಕಟಿಸಿದರು.

ಗೋರಂಟಿಯ ಬೆಳೆ ಕುಗ್ಗಿಹೋಗಲಿಲ್ಲ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಇಂದು ಇದರ ಪ್ರಸಿದ್ಧ ಕೇಂದ್ರ. ಅಲ್ಲಿಯ ಗೋರಂಟಿಗೆ ೨೦೨೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಗೋರಂಟಿಯ ಸಾತ್ತ್ವಿಕವಾದ ಹೆಸರೂ ಕೃತಕ ದ್ರವ್ಯದ ಶೀಘ್ರವಾದ ಕಪ್ಪೂ ಒಂದೇ ಪೊಟ್ಟಣದಲ್ಲಿ ಸೇರಿರುವುದು ನಮ್ಮ ಕಾಲದ ವಿಶೇಷ. 'ಕಪ್ಪು ಗೋರಂಟಿ' ಎಂಬ ಹೆಸರಿನಲ್ಲಿ ಮಾರುವ ಪುಡಿಗಳಲ್ಲಿ ಮೇಲೆ ಹೇಳಿದ ಡಯಮೀನ್ ಬೆರೆತಿರುವುದುಂಟು. ಕೆಲವರಿಗೆ ಅದರಿಂದ ಚರ್ಮದ ಉರಿ, ಗುಳ್ಳೆ, ಮುಖದ ಬಾವು ಉಂಟಾಗುತ್ತವೆ. ಒಮ್ಮೆ ಒಗ್ಗದೆಹೋದರೆ ಆ ತೊಂದರೆ ಜೀವಮಾನವಿಡೀ ಉಳಿಯಬಹುದು. ಅಪ್ಪಟ ಗೋರಂಟಿಯೂ ಎಲ್ಲರಿಗೂ ನಿರಪಾಯವೆಂದಲ್ಲ. ಕೆಂಪು ರಕ್ತಕಣಗಳ ಒಂದು ಕಿಣ್ವದ ಕೊರತೆಯಿಂದ ಹುಟ್ಟಿದ ಮಕ್ಕಳಿಗೆ ಅದನ್ನು ಮೈಗೆ ಹಚ್ಚಿದಾಗ ರಕ್ತಕಣಗಳು ಒಡೆದ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿವೆ. ಆದರೆ ಸಾಮಾನ್ಯವಾಗಿ ಜನ ಗೋರಂಟಿಯ ಮೇಲೆ ಹೊರಿಸುವ ದೂರು ಅದರ ಹೆಸರು ಹೊತ್ತ ಇನ್ನೊಂದು ದ್ರವ್ಯಕ್ಕೆ ಸೇರಿದ್ದು.

ಗ್ರಂಥಗಳನ್ನು ಓದಲು ನಾವು ಬಳಸಿದ ಸೂತ್ರವೇ ಇಲ್ಲಿ ಅಂಗಡಿಯ ಪೊಟ್ಟಣವನ್ನು ಓದುವುದಕ್ಕೂ ಸಾಕಾಗುತ್ತದೆ. ಗೋರಂಟಿ ಕಪ್ಪನ್ನು ಕೊಡುವುದಿಲ್ಲ. ಕಪ್ಪು ಬಂದರೆ ಅಲ್ಲಿ ಎರಡನೆಯದೊಂದು ಇದೆ. ಅದು ನೀಲಿಯೋ ಕಬ್ಬಿಣವೋ ಡಯಮೀನೋ ಎಂದು ಕೇಳಿ ತಿಳಿಯುವುದು ಕೊಳ್ಳುವವನ ಕರ್ತವ್ಯ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಶಾಸನಗಳೂ ಕಡತಗಳೂ ಇಂತಹ ವಿಷಯಗಳಲ್ಲಿ ಮೌನವಾಗಿರುತ್ತವೆ. ಮಾತನಾಡುವವರು ನಮ್ಮ ಮನೆಯ ಹಿರಿಯರು. ಯಾವ ಪಾತ್ರೆ, ಯಾವ ಹುಳಿ, ಎಷ್ಟು ಹೊತ್ತು, ಯಾರಿಂದ ಕಲಿತದ್ದು ಎಂಬ ನಾಲ್ಕು ಪ್ರಶ್ನೆಗಳನ್ನು ರಜೆಯಲ್ಲಿ ಊರಿಗೆ ಹೋದಾಗ ಅವರನ್ನು ಕೇಳಿ, ಊರಿನ ಹೆಸರು ಮತ್ತು ದಿನಾಂಕದೊಡನೆ ಬರೆದಿಡಬೇಕು. ಬೀದರಿನ ಯೋಗವೂ ಮಂಗಳೂರಿನ ಯೋಗವೂ ಒಂದೇ ಬಗೆಯವೇ, ಎಲ್ಲಿ ನೀಲಿಯಿದೆ, ಎಲ್ಲಿ ಕಬ್ಬಿಣವಿದೆ ಎಂಬುದನ್ನು ಹೋಲಿಸಿದರೆ ಮೇಲೆ ಹೇಳಿದ ಅನುಮಾನ ಗಟ್ಟಿಯಾಗಬಹುದು, ಇಲ್ಲವೆ ಬಿದ್ದುಹೋಗಬಹುದು. ಎರಡರಲ್ಲಿ ಯಾವುದಾದರೂ ಅದು ಲಾಭವೇ. ಆಧಾರವೇನೆಂದು ತರಗತಿಯಲ್ಲಿ ಕೇಳಿದ ಆ ಪ್ರಶ್ನೆಗೆ ಅದೇ ಸರಿಯಾದ ಉತ್ತರ.